ಓಮ್ ಅಳತೆ ಸರಿಯಿದ್ದರೂ ಬಿಸಿಯಾದಾಗ ಕೈಕೊಡುವ ಇಗ್ನಿಷನ್ ಕಾಯಿಲ್: ಪರೀಕ್ಷಿಸುವುದು ಹೇಗೆ?

ಪ್ರಶ್ನೆ: ಬನಶಂಕರಿ ಸವಾರ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ತಂದೆಯವರು ಕೊಂಡಿದ್ದ, ಕಾರ್ಬ್ಯುರೇಟರ್ ಇರುವ 100 ಸಿಸಿ ಫೋರ್ ಸ್ಟ್ರೋಕ್ ಬೈಕ್ ಇದೆ. ಅದರಲ್ಲಿ ಕಿಡಿಯ ಹೊತ್ತನ್ನು ನಿರ್ಧರಿಸುವ ಹಳೆಯ ಪಾಯಿಂಟ್ (ಯಾಂತ್ರಿಕ ಸ್ವಿಚ್) ಇಲ್ಲ, ಸಿಡಿಐ (ಅದೇ ಕೆಲಸ ಮಾಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಇದೆ. ಬ್ಯಾಟರಿ ತೆಗೆದಿಟ್ಟರೂ ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತದೆ. ಎಂಜಿನ್ ಕೆಲಸ ಮಾಡಿಸಿ ಹೆಚ್ಚು ಕಾಲವಾಗಿಲ್ಲ, ಕಂಪ್ರೆಷನ್ ಚೆನ್ನಾಗಿದೆ. ಪೀಣ್ಯದ ಕಾರ್ಖಾನೆಗೆ ರಿಂಗ್ ರಸ್ತೆಯ ಮೂಲಕ ಪ್ರತಿದಿನ ಇದರಲ್ಲೇ ಹೋಗಿಬರುತ್ತೇನೆ.

ಈಚೆಗೆ ಒಂದು ತೊಂದರೆ ಶುರುವಾಗಿದೆ. ಬೆಳಿಗ್ಗೆ ಮೊದಲ ಕಿಕ್‌ಗೇ ಸ್ಟಾರ್ಟ್ ಆಗುವ ಗಾಡಿ, ಅರ್ಧ ಗಂಟೆ ಓಡಿ ಚೆನ್ನಾಗಿ ಬಿಸಿಯಾದ ಮೇಲೆ ಸುಮನಹಳ್ಳಿ ಮೇಲ್ಸೇತುವೆ ಹತ್ತುವಾಗ ಮಿಸ್ಸಿಂಗ್ ಕೊಡಲು ಆರಂಭಿಸುತ್ತದೆ. ಗೊರಗುಂಟೆಪಾಳ್ಯದ ದಟ್ಟಣೆಯಲ್ಲಿ ತೆವಳುವ ಹೊತ್ತಿಗೆ ನಿಂತೇ ಬಿಡುತ್ತದೆ. ರಸ್ತೆ ಬದಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ನಿಲ್ಲಿಸಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಓಡುತ್ತದೆ. ಒಬ್ಬ ಮೆಕ್ಯಾನಿಕ್ ಹೆಚ್‌ಟಿ ಕಾಯಿಲ್ (ಪ್ಲಗ್‌ಗೆ ಕಿಡಿಯ ವೋಲ್ಟೇಜ್ ಕೊಡುವ ಇಗ್ನಿಷನ್ ಕಾಯಿಲ್) ಹೋಗಿದೆ ಎಂದರು, ಇನ್ನೊಬ್ಬರು ಸಿಡಿಐ ಬದಲಿಸಬೇಕು ಎಂದರು. ಇಬ್ಬರೂ ಪರೀಕ್ಷಿಸಿ ಹೇಳಿದ್ದಲ್ಲವಾದ್ದರಿಂದ ಎಸ್‌ಪಿ ರಸ್ತೆಯಲ್ಲಿ ಒಂದು ಡಿಜಿಟಲ್ ಮಲ್ಟಿಮೀಟರ್ ತಂದು ನಾನೇ ಅಳೆದೆ. ಕಾಯಿಲ್‌ನ ಟರ್ಮಿನಲ್‌ಗೂ ಅದರ ಕಬ್ಬಿಣದ ಮೈಗೂ ನಡುವೆ 0.9 ಓಮ್ ಬಂತು. ಪ್ಲಗ್ ಕ್ಯಾಪ್‌ನ ಒಳತುದಿಗೂ ಮೈಗೂ ನಡುವೆ 11.6 ಕಿಲೋ ಓಮ್ ಬಂತು.

ಈ ಅಂಕಿಗಳನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ಅಳತೆ ಸರಿಯಿದೆ ಎಂದಾದರೆ ಕಾಯಿಲ್ ನಿರ್ದೋಷಿ ಎಂದು ನಿರ್ಧರಿಸಬಹುದೇ? ಹಾಗೆಯೇ, ಇಷ್ಟು ಚಿಕ್ಕ ವಸ್ತು ಸಾವಿರಾರು ವೋಲ್ಟ್ ಹುಟ್ಟಿಸುವುದು ಹೇಗೆ ಎಂಬುದನ್ನೂ ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ. ಒಳಗೆ ಏನಾಗುತ್ತಿದೆ ಎಂದು ತಿಳಿಯದೆ ಬಿಡಿಭಾಗಗಳನ್ನು ಒಂದಾದ ಮೇಲೊಂದು ಬದಲಿಸುತ್ತಾ ಹೋಗಲು ನನಗೆ ಮನಸ್ಸಿಲ್ಲ.


ಉತ್ತರ: ನಿವೃತ್ತ ಐಟಿಐ ಬೋಧಕ, ರಾಜಾಜಿನಗರ

ಎರಡನೆಯ ಪ್ರಶ್ನೆಗೆ ಮೊದಲು ನೇರವಾಗಿ ಉತ್ತರಿಸುತ್ತೇನೆ. ಕಾಯಿಲ್ ಕೆಟ್ಟಿದೆ ಎಂದು ಮಲ್ಟಿಮೀಟರ್ ತೋರಿಸಿಕೊಡಬಲ್ಲದು. ಚೆನ್ನಾಗಿದೆ ಎಂದು ತೋರಿಸಿಕೊಡಲಾರದು. ಇದಕ್ಕೆ ಕಾರಣ ಕಾಯಿಲ್ ಕೆಲಸ ಮಾಡುವ ರೀತಿಯಲ್ಲೇ ಇರುವುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗುತ್ತದೆ.

ತೆಳುವಾದ ಕಬ್ಬಿಣದ ತಗಡುಗಳನ್ನು ಜೋಡಿಸಿದ ತಿರುಳಿನ ಮೇಲೆ ಎರಡು ಸುರುಳಿಗಳಿರುತ್ತವೆ. ದಪ್ಪ ತಂತಿಯ, ಕೆಲವು ನೂರು ಸುತ್ತುಗಳಷ್ಟೇ ಇರುವುದು ಪ್ರೈಮರಿ. ಎನಾಮಲ್ ಎಂಬ ನಿರೋಧಕ ಲೇಪನವಿರುವ, ಕೂದಲೆಳೆಯಷ್ಟು ಸಣ್ಣ ತಂತಿಯ, ಹತ್ತು ಸಾವಿರವನ್ನೂ ಮೀರುವ ಸುತ್ತುಗಳಿರುವುದು ಸೆಕೆಂಡರಿ. ಕಾಂತಕ್ಷೇತ್ರ ಬದಲಾಗುವಾಗ ಅದರೊಳಗಿನ ತಂತಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ ಎಂದು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದ ತತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ. ಆದರೆ ಕಾಯಿಲ್ ಎಂದರೆ ಸುತ್ತುಗಳ ಅನುಪಾತದಷ್ಟು ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರ್ ಎಂದಷ್ಟೇ ತಿಳಿದರೆ ಲೆಕ್ಕ ಹೊಂದುವುದಿಲ್ಲ. ಅನುಪಾತ 1ಕ್ಕೆ 100 ಎಂದಿಟ್ಟುಕೊಂಡರೆ 12 ವೋಲ್ಟ್ 1200 ವೋಲ್ಟ್ ಆಗುತ್ತದೆಯೇ ಹೊರತು ಸಿಲಿಂಡರ್‌ನ ಒತ್ತಡದಲ್ಲಿ ಕಿಡಿ ಹಾರಿಸಲು ಬೇಕಾದ ಹತ್ತಾರು ಸಾವಿರ ವೋಲ್ಟ್ ಆಗುವುದಿಲ್ಲ.

ಉಳಿದ ವೋಲ್ಟೇಜ್ ಬರುವುದು ಪ್ರವಾಹವನ್ನು ಥಟ್ಟನೆ ಕಡಿಯುವುದರಿಂದ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 20ನೇ ಶತಮಾನದ ಆರಂಭದಲ್ಲಿ ರೂಪಿಸಿದ, ಹಳೆಯ ಬುಲೆಟ್‌ಗಳಲ್ಲಿ ನಾವು ಪಾಯಿಂಟ್ ಎಂದು ಕರೆಯುವ ವ್ಯವಸ್ಥೆಯಲ್ಲಿ, ಪಾಯಿಂಟ್ ಮುಚ್ಚಿರುವಾಗ ಪ್ರೈಮರಿಯಲ್ಲಿ ಮೂರು ನಾಲ್ಕು ಆಂಪಿಯರ್ ಹರಿದು ತಿರುಳು ಕಾಂತವಾಗುತ್ತದೆ. ಪಾಯಿಂಟ್ ತೆರೆದ ಕ್ಷಣದಲ್ಲಿ ಆ ಕಾಂತಕ್ಷೇತ್ರ ಕುಸಿಯುತ್ತದೆ. ಕುಸಿತ ಎಷ್ಟು ಚುರುಕೋ ಹುಟ್ಟುವ ವೋಲ್ಟೇಜ್ ಅಷ್ಟು ಹೆಚ್ಚು. ಪ್ರೈಮರಿಯಲ್ಲೇ 200ರಿಂದ 400 ವೋಲ್ಟ್ ಎದ್ದು, ಸುತ್ತುಗಳ ಅನುಪಾತದಿಂದ ಸೆಕೆಂಡರಿಯಲ್ಲಿ 20,000 ವೋಲ್ಟ್ ಮತ್ತು ಅದಕ್ಕೂ ಮೇಲೆ ಹೋಗಬಲ್ಲದು. ಅಂದರೆ ಕಿಡಿ ಹುಟ್ಟುವುದು ಕರೆಂಟ್ ಕೊಟ್ಟಾಗಲ್ಲ, ಕಿತ್ತುಕೊಂಡಾಗ.

ನಿಮ್ಮ ಗಾಡಿಯದು ಬೇರೆ ದಾರಿ. ಅಲ್ಲಿ ಮ್ಯಾಗ್ನೆಟ್‌ನ ಒಳಗಿರುವ ಸೋರ್ಸ್ ಕಾಯಿಲ್, ವಿದ್ಯುತ್ತನ್ನು ಶೇಖರಿಸಿಡುವ ಒಂದು ಕೆಪಾಸಿಟರನ್ನು ಸುಮಾರು 200ರಿಂದ 300 ವೋಲ್ಟ್‌ವರೆಗೆ ತುಂಬಿಸುತ್ತದೆ. ಪಿಸ್ಟನ್ ಸರಿಯಾದ ಸ್ಥಾನಕ್ಕೆ ಬಂದಾಗ ಪಲ್ಸರ್ ಕಾಯಿಲ್ ಸಣ್ಣ ಸಂಕೇತ ಕೊಡುತ್ತದೆ, ಸಿಡಿಐ ಒಳಗಿನ ಥೈರಿಸ್ಟರ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಆನ್ ಆಗುತ್ತದೆ, ಕೆಪಾಸಿಟರ್‌ನಲ್ಲಿದ್ದುದೆಲ್ಲ ಒಮ್ಮೆಗೇ ಪ್ರೈಮರಿಗೆ ನುಗ್ಗುತ್ತದೆ. ಇಲ್ಲಿ ಮಾತ್ರ ಕಾಯಿಲ್ ನಿಜವಾದ ಟ್ರಾನ್ಸ್‌ಫಾರ್ಮರ್‌ನಂತೆ ವರ್ತಿಸುತ್ತದೆ. 1 ಮೈಕ್ರೋಫ್ಯಾರಡ್ ಕೆಪಾಸಿಟರನ್ನು 250 ವೋಲ್ಟ್‌ಗೆ ತುಂಬಿಸಿದರೆ ಅದರಲ್ಲಿ ಸುಮಾರು 31 ಮಿಲಿಜೂಲ್ ಶಕ್ತಿ ಇರುತ್ತದೆ. ಕಿಡಿಗೆ ಸಿಗುವ ಒಟ್ಟು ಬಂಡವಾಳ ಅಷ್ಟೇ. ಪ್ರವಾಹ ಬೇಗ ಏರಬೇಕಾದ್ದರಿಂದ ಸಿಡಿಐ ಕಾಯಿಲ್‌ನ ಪ್ರೈಮರಿ ರೋಧ ಸಾಮಾನ್ಯವಾಗಿ 1 ಓಮ್‌ಗಿಂತ ಕಡಿಮೆ ಇರುತ್ತದೆ. 12 ವೋಲ್ಟ್ ಪಾಯಿಂಟ್ ವ್ಯವಸ್ಥೆಯ ಕಾಯಿಲ್‌ಗಳಲ್ಲಿ ಅದು 3ರಿಂದ 5 ಓಮ್‌ವರೆಗೆ ಇರುತ್ತದೆ.

ಈಗ ನಿಮ್ಮ ಅಂಕಿಗಳನ್ನು ನೋಡೋಣ. ಮೀಟರ್‌ನ ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿದಾಗ ಎಷ್ಟು ಬರುತ್ತದೆ ಎಂದು ನೀವು ಬರೆದಿಲ್ಲ. ಸಾಮಾನ್ಯ ಮೀಟರ್‌ಗಳಲ್ಲಿ ವೈರ್‌ಗಳ ರೋಧವೇ 0.2ರಿಂದ 0.5 ಓಮ್ ಇರುತ್ತದೆ. ಅದನ್ನು ಕಳೆದು ಉಳಿದದ್ದು ಪ್ರೈಮರಿಯ ರೋಧ. ಸೆಕೆಂಡರಿಯನ್ನು ಕ್ಯಾಪ್ ಸಮೇತ ಅಳೆದಿದ್ದೀರಿ. ರೇಡಿಯೋ ತೊಂದರೆ ತಡೆಯಲು ಬಹುಪಾಲು ಕ್ಯಾಪ್‌ಗಳ ಒಳಗೆ ಸುಮಾರು 5 ಕಿಲೋ ಓಮ್‌ನ ರೆಸಿಸ್ಟರ್ ಇರುತ್ತದೆ. ಕ್ಯಾಪನ್ನು ತಿರುಗಿಸಿ ಬಿಚ್ಚಿ, ವೈರ್‌ನ ತಾಮ್ರಕ್ಕೂ ಮೈಗೂ ನಡುವೆ ಒಮ್ಮೆ, ಕ್ಯಾಪ್ ಒಂದನ್ನೇ ಇನ್ನೊಮ್ಮೆ ಅಳೆಯಿರಿ. ಹೀಗೆ ಬೇರ್ಪಡಿಸಿದರೆ ಎಷ್ಟೋ ಬಾರಿ ಕಾಯಿಲ್ ಮೇಲಿನ ಆರೋಪ ಕ್ಯಾಪ್ ಮೇಲೆ ಹೋಗಿ ನಿಲ್ಲುತ್ತದೆ.

ಸೆಕೆಂಡರಿ ಕೆಲವು ಕಿಲೋ ಓಮ್ ಬಂದರೆ ತಂತಿ ತುಂಡಾಗಿಲ್ಲ ಎಂದಷ್ಟೇ ಅರ್ಥ. 15,000 ಸುತ್ತುಗಳಲ್ಲಿ 150 ಸುತ್ತುಗಳು ಒಂದಕ್ಕೊಂದು ಅಂಟಿ ಶಾರ್ಟ್ ಆಗಿವೆ ಎಂದುಕೊಳ್ಳಿ. ರೋಧದಲ್ಲಿ ಆಗುವ ವ್ಯತ್ಯಾಸ ಸುಮಾರು ಶೇ. 1, ಅದು ನಿಮ್ಮ ಮೀಟರ್‌ನ ಕರಾರುವಾಕ್ಕಿನ ಮಿತಿಯೊಳಗೇ ಕಳೆದುಹೋಗುತ್ತದೆ. ಆದರೆ ಕಿಡಿಯ ಹೊತ್ತಿನಲ್ಲಿ ಆ 150 ಸುತ್ತುಗಳು ತಮ್ಮದೇ ಮುಚ್ಚಿದ ಸುರುಳಿಯಾಗಿ ಶಕ್ತಿಯನ್ನು ನುಂಗಿ ಬಿಸಿಯಾಗಿ ಬಿಡುತ್ತವೆ, ಪ್ಲಗ್‌ಗೆ ಉಳಿಯುವುದು ಅಲ್ಪ. ಇನ್ನೊಂದು ಕಾರಣ ಇದಕ್ಕಿಂತ ಮುಖ್ಯವಾದದ್ದು. ಓಮ್ ಅಳೆಯುವಾಗ ಮಲ್ಟಿಮೀಟರ್ ಕೊಡುವುದು ಕೆಲವೇ ವೋಲ್ಟ್. ಎನಾಮಲ್‌ನಲ್ಲಿರುವ ಬಿರುಕು ಅಷ್ಟಕ್ಕೆ ಸೋರುವುದಿಲ್ಲ. ಸಾವಿರಾರು ವೋಲ್ಟ್ ಬಿದ್ದಾಗ ಮಾತ್ರ ಸೋರುತ್ತದೆ. ಬಿಸಿಯಾಗಿ ತಾಮ್ರವೂ ಅದನ್ನು ಮುಚ್ಚಿರುವ ಎಪಾಕ್ಸಿ ಅಂಟೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿದಾಗ ಆ ಬಿರುಕು ಬಾಯಿ ತೆರೆಯುತ್ತದೆ. ನಿಮ್ಮ ಗಾಡಿಯ ಲಕ್ಷಣ ಇದಕ್ಕೆ ಹೊಂದುತ್ತದೆ, ಆದರೆ ಇದಕ್ಕೆ ಮಾತ್ರ ಹೊಂದುತ್ತದೆ ಎಂದು ನಾನು ಹೇಳಲಾರೆ.

ಮೇಲ್ಸೇತುವೆ ಹತ್ತುವಾಗ ಮಿಸ್ಸಿಂಗ್ ಬರುತ್ತದೆ ಎಂದಿರಿ. ಅದು ಬೆಲೆಯುಳ್ಳ ಮಾಹಿತಿ. ಆಕ್ಸಿಲರೇಟರ್ ಕೊಟ್ಟಾಗ ಸಿಲಿಂಡರ್ ತುಂಬಿ ಒತ್ತಡ ಏರುತ್ತದೆ. ಒತ್ತಡ ಹೆಚ್ಚಿದಷ್ಟೂ ಅದೇ ಪ್ಲಗ್ ಗ್ಯಾಪ್ ದಾಟಲು ಹೆಚ್ಚು ವೋಲ್ಟೇಜ್ ಬೇಕು. ಸೋರುವ ಕಾಯಿಲ್ ಐಡ್ಲಿಂಗ್‌ನಲ್ಲಿ ಹೇಗೋ ಕಿಡಿ ಕೊಟ್ಟು, ಭಾರ ಬಿದ್ದಾಗ ಸೋಲುವುದು ಇದರಿಂದ. ಪ್ಲಗ್ ಹೊರತೆಗೆದು ಎಂಜಿನ್ ತಲೆಗೆ ತಾಗಿಸಿ ಕಿಡಿ ಬಂತು ಎಂದು ತೃಪ್ತಿಪಡುವ ಪರೀಕ್ಷೆ ಸಾಲದು ಎನ್ನುವುದೂ ಇದಕ್ಕಾಗಿಯೇ.


ಉತ್ತರ: ಮೈಸೂರು ರಸ್ತೆ ಗ್ಯಾರೇಜ್

ಬೋಧಕರು ತತ್ವವನ್ನು ಹೇಳಿದ್ದಾರೆ, ನಾನು ಕೆಲಸದ ಕ್ರಮವನ್ನು ಹೇಳುತ್ತೇನೆ. ಬಿಸಿಯಾದಾಗ ನಿಲ್ಲುವ ಗಾಡಿಯನ್ನು ತಣ್ಣಗಿರುವಾಗ ಗ್ಯಾರೇಜಿಗೆ ತಂದರೆ ಯಾವ ಮೆಕ್ಯಾನಿಕ್ಕಿಗೂ ದೋಷ ಕಾಣಿಸುವುದಿಲ್ಲ. ಆದ್ದರಿಂದ ಪರೀಕ್ಷೆಯ ಸಾಮಾನನ್ನು ಜೊತೆಯಲ್ಲೇ ಇಟ್ಟುಕೊಂಡು, ಗಾಡಿ ನಿಂತ ಜಾಗದಲ್ಲಿ, ನಿಂತ ಕೂಡಲೇ ನೋಡಬೇಕು.

ನಿಂತ ಕೂಡಲೇ ಮೊದಲು ಪೆಟ್ರೋಲ್ ಟ್ಯಾಂಕ್‌ನ ಮುಚ್ಚಳ ತೆಗೆದು ಮುಚ್ಚಿ ಕಿಕ್ ಹೊಡೆಯಿರಿ. ಮುಚ್ಚಳದ ಗಾಳಿರಂಧ್ರ ಕಟ್ಟಿದ್ದರೆ ಟ್ಯಾಂಕ್‌ನಲ್ಲಿ ನಿರ್ವಾತ ಬೆಳೆದು ಅರ್ಧ ಗಂಟೆಯ ಮೇಲೆ ಪೆಟ್ರೋಲ್ ಇಳಿಯುವುದು ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಗಾಳಿ ಒಳಸೇರಿ ಮತ್ತೆ ಓಡುತ್ತದೆ. ಲಕ್ಷಣ ಕಾಯಿಲ್ ದೋಷದಂತೆಯೇ ಕಾಣುವುದರಿಂದ ಇದನ್ನು ಬಿಟ್ಟು ಮುಂದೆ ಹೋಗಬಾರದು. ಮುಚ್ಚಳವನ್ನು ಮತ್ತೆ ಭದ್ರವಾಗಿ ಹಾಕಿದ ಮೇಲೆಯೇ ಕಿಡಿಯ ಪರೀಕ್ಷೆ.

ಕಿಡಿಯ ಪರೀಕ್ಷೆಗೆ ಗ್ಯಾಪ್ ಹೊಂದಿಸಬಹುದಾದ ಸ್ಪಾರ್ಕ್ ಟೆಸ್ಟರ್ ಕೊಳ್ಳಿ, ಅಥವಾ ಒಣ ಮರದ ಪಟ್ಟಿಗೆ ಎರಡು ಸ್ಕ್ರೂ ಎದುರುಬದುರಾಗಿ ಕೂರಿಸಿ ಮಾಡಿಕೊಳ್ಳಿ. ಒಂದು ಸ್ಕ್ರೂಗೆ ಪ್ಲಗ್ ಕ್ಯಾಪ್, ಇನ್ನೊಂದರಿಂದ ಎಂಜಿನ್ ಮೈಗೆ ಗಟ್ಟಿಯಾದ ವೈರ್. ಯಮಹಾ ಸರ್ವಿಸ್ ಪುಸ್ತಕಗಳು ಕನಿಷ್ಠ 6 ಮಿಲಿಮೀಟರ್ ಕಿಡಿ ಹಾರಬೇಕೆನ್ನುತ್ತವೆ, ಕವಾಸಾಕಿ ಪುಸ್ತಕಗಳು ಮೂರು ಸೂಜಿಗಳ ಉಪಕರಣದಲ್ಲಿ 7 ಮಿಲಿಮೀಟರ್ ಎನ್ನುತ್ತವೆ. ಕಿಕ್ ಹೊಡೆದಾಗ 6 ಮಿಲಿಮೀಟರ್ ದೂರವನ್ನು ಪ್ರತಿ ಬಾರಿಯೂ ತಪ್ಪದೆ ದಾಟಿದರೆ ಕಾಯಿಲ್ ಮೇಲೆ ವಿಶ್ವಾಸವಿಡಬಹುದು. ಗ್ಯಾಪನ್ನು 8 ಮಿಲಿಮೀಟರ್‌ಗಿಂತ ಅಗಲ ಮಾಡಬೇಡಿ, ಕ್ಯಾಪನ್ನು ಸುಮ್ಮನೆ ಗಾಳಿಯಲ್ಲಿ ಬಿಟ್ಟು ಕಿಕ್ ಹೊಡೆಯಲೇಬೇಡಿ. ಹೊರಗೆ ದಾರಿ ಸಿಗದ ವೋಲ್ಟೇಜ್ ಕಾಯಿಲ್ ಒಳಗೇ ದಾರಿ ಮಾಡಿಕೊಂಡು ಚೆನ್ನಾಗಿರುವ ಕಾಯಿಲನ್ನೂ ಕೆಡಿಸುತ್ತದೆ. ಪ್ಲಗ್ ಅದರ ಜಾಗದಲ್ಲೇ ಇರಲಿ. ರಂಧ್ರ ತೆರೆದಿದ್ದರೆ ಪೆಟ್ರೋಲ್ ಮಂಜು ಹೊರಬಂದು ಆ ಕಿಡಿಗೇ ಹೊತ್ತಿಕೊಳ್ಳಬಹುದು. ಕ್ಯಾಪನ್ನು ಕೈಯಲ್ಲಿ ಹಿಡಿಯಬಾರದು, ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಕೆಲಸದ ಹತ್ತಿರವೂ ಬರಬಾರದು.

ಕಿಡಿಯ ಬಣ್ಣ ನೋಡಿ ತೀರ್ಮಾನ ಮಾಡುವ ಪದ್ಧತಿ ನಮ್ಮಲ್ಲಿ ಬಹಳ ಇದೆ. ನೀಲಿ ಬಂದರೆ ಒಳ್ಳೆಯದು, ಹಳದಿ ಬಂದರೆ ದುರ್ಬಲ ಎನ್ನುತ್ತಾರೆ. ಬಿಸಿಲಿನಲ್ಲಿ ಎಲ್ಲ ಕಿಡಿಯೂ ಮಂಕಾಗಿಯೇ ಕಾಣುತ್ತದೆ, ನೆರಳಿನಲ್ಲಿ ಎಲ್ಲವೂ ನೀಲಿ. ದೂರವನ್ನು ಅಳೆಯಬಹುದು, ಬಣ್ಣವನ್ನು ಅಳೆಯಲಾಗದು. ನಾನು ದೂರವನ್ನೇ ನಂಬುತ್ತೇನೆ.

ಗಾಡಿ ನಿಂತಾಗ ಕಿಡಿ ಇಲ್ಲ ಎಂದು ಖಚಿತವಾದರೂ ಕಾಯಿಲ್ ದೋಷವೆಂದು ಇನ್ನೂ ಹೇಳುವಂತಿಲ್ಲ. ಸೋರ್ಸ್ ಕಾಯಿಲ್ ಮತ್ತು ಪಲ್ಸರ್ ಕಾಯಿಲ್ ಇರುವುದು ಮ್ಯಾಗ್ನೆಟ್ ಕವರ್ ಒಳಗೆ, ಎಂಜಿನ್ನಿನ ಬಿಸಿಯ ಮಧ್ಯೆ. ಟ್ಯಾಂಕ್ ಕೆಳಗೆ ಗಾಳಿಯಲ್ಲಿರುವ ಹೆಚ್‌ಟಿ ಕಾಯಿಲ್‌ಗಿಂತ ಅವೇ ಹೆಚ್ಚು ಸುಡುತ್ತವೆ. ಸಿಡಿಐ ಕನೆಕ್ಟರ್ ಬಿಚ್ಚಿ ಆ ಎರಡರ ರೋಧವನ್ನು ತಣ್ಣಗಿರುವಾಗ ಬರೆದಿಟ್ಟುಕೊಂಡು, ನಿಂತ ಕೂಡಲೇ ಮತ್ತೆ ಅಳೆಯಿರಿ. ಸಾಮಾನ್ಯವಾಗಿ ನೂರಾರು ಓಮ್ ಇರುವ ಈ ಸುರುಳಿಗಳು ಬಿಸಿಯಲ್ಲಿ ಶೇ. 20ರಿಂದ 30ರಷ್ಟು ಏರಿದರೆ ಸಹಜ. ಅಳತೆಯೇ ಸಿಗದಷ್ಟು ಓಪನ್ ಆದರೆ ಅಥವಾ ಅರ್ಧಕ್ಕೆ ಇಳಿದರೆ ದೋಷ ಅಲ್ಲಿದೆ.

ಕೊನೆಯದಾಗಿ ಕೀ ಸ್ವಿಚ್. ನಿಮ್ಮಂಥ ಗಾಡಿಗಳಲ್ಲಿ ಕೀ ಆಫ್ ಮಾಡಿದಾಗ ಸಿಡಿಐನ ಒಂದು ವೈರ್ ಅರ್ಥ್ ಆಗಿ ಎಂಜಿನ್ ನಿಲ್ಲುತ್ತದೆ. ಆ ವೈರ್ ಹ್ಯಾಂಡಲ್ ಬಳಿ ಸವೆದು ಚಾಸಿಗೆ ತಗುಲಿದರೂ, ಸ್ವಿಚ್ ಒಳಗೆ ನೀರು ಸೇರಿದರೂ ಇದೇ ಗತಿ. ಗಾಡಿ ನಿಂತಾಗ ಆ ಒಂದು ವೈರನ್ನು ಬಿಚ್ಚಿ ಕಿಕ್ ಹೊಡೆದು ನೋಡಿ. ಆಗ ಕೀಯಿಂದ ಎಂಜಿನ್ ಆಫ್ ಆಗುವುದಿಲ್ಲವಾದ್ದರಿಂದ, ಬ್ರೇಕ್ ಹಿಡಿದು ಗೇರ್ ಹಾಕಿ ಕ್ಲಚ್ ಬಿಟ್ಟು ನಿಲ್ಲಿಸಬೇಕೆಂಬುದು ನೆನಪಿರಲಿ.

ಇವೆಲ್ಲದರಿಂದಲೂ ನಿರ್ಧಾರವಾಗದಿದ್ದರೆ ಅದೇ ಮಾದರಿಯ, ಚೆನ್ನಾಗಿ ಓಡುತ್ತಿರುವ ಬೈಕಿನ ಕಾಯಿಲನ್ನು ಎರವಲು ತಂದು ಹಾಕಿ ನೋಡುವುದೇ ಅಂತಿಮ ಪರೀಕ್ಷೆ.


ಉತ್ತರ: ಚಾಮರಾಜಪೇಟೆ ಯೆಜ್ಡಿ

ಚರ್ಚೆ ಸಿಡಿಐ ಬಗ್ಗೆ ನಡೆಯುತ್ತಿದೆ, ಆದರೂ ಪಾಯಿಂಟ್ ಗಾಡಿ ಉಳ್ಳವರ ಪರವಾಗಿ ಒಂದು ಮಾತು ಕೇಳಬೇಕಿದೆ. ಮೈಸೂರಿನ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿಗಳು ಈ ನಗರದಲ್ಲಿ ಇನ್ನೂ ಸಾಕಷ್ಟಿವೆ. ಅವುಗಳಲ್ಲಿ ಹಲವು 6 ವೋಲ್ಟ್‌ನವು. 6 ವೋಲ್ಟ್ ಕಾಯಿಲ್ ಸಿಗುವುದು ಕಷ್ಟವಾದ್ದರಿಂದ 12 ವೋಲ್ಟ್ ಕಾಯಿಲ್ ಹಾಕಿಸಿಕೊಳ್ಳುವವರೂ, ಗಾಡಿಯನ್ನು 12 ವೋಲ್ಟ್‌ಗೆ ಬದಲಿಸಿ ಹಳೆಯ ಕಾಯಿಲನ್ನೇ ಉಳಿಸಿಕೊಳ್ಳುವವರೂ ಇದ್ದಾರೆ. ಇದು ಸರಿಯೇ? ಹಾಗೆಯೇ, ಪಾಯಿಂಟ್ ಗಾಡಿಯಲ್ಲಿ ಬಿಸಿಯಾದಾಗ ಕಿಡಿ ತಪ್ಪಿದರೆ ಕಾಯಿಲ್ ಮತ್ತು ಕಂಡೆನ್ಸರ್ (ಪಾಯಿಂಟ್‌ಗೆ ಜೋಡಿಸಿರುವ ಕೆಪಾಸಿಟರ್) ಇವೆರಡರಲ್ಲಿ ಯಾವುದು ಎಂದು ಗುರುತಿಸುವುದು ಹೇಗೆ?


ಉತ್ತರ: ನಿವೃತ್ತ ಐಟಿಐ ಬೋಧಕ, ರಾಜಾಜಿನಗರ

ಎರಡೂ ಸರಿಯಲ್ಲ, ಆದರೆ ಎರಡರ ಕೇಡು ಬೇರೆ ಬೇರೆ. 6 ವೋಲ್ಟ್ ಗಾಡಿಗೆ 12 ವೋಲ್ಟ್ ಕಾಯಿಲ್ ಹಾಕಿದರೆ ಪ್ರೈಮರಿಯಲ್ಲಿ ಅರ್ಧದಷ್ಟು ಪ್ರವಾಹ ಮಾತ್ರ ಹರಿಯುತ್ತದೆ. ಕಾಂತಕ್ಷೇತ್ರದಲ್ಲಿ ಶೇಖರವಾಗುವ ಶಕ್ತಿ ಪ್ರವಾಹದ ವರ್ಗಕ್ಕೆ ಅನುಗುಣವಾದ್ದರಿಂದ ಅದು ಕಾಲು ಭಾಗಕ್ಕೆ ಇಳಿಯುತ್ತದೆ. ಕಾಯಿಲ್ ಸುಡುವುದಿಲ್ಲ, ಕಿಡಿ ಬಡವಾಗುತ್ತದೆ. 12 ವೋಲ್ಟ್‌ಗೆ 6 ವೋಲ್ಟ್ ಕಾಯಿಲ್ ಹಾಕಿದರೆ ಪ್ರವಾಹ ಇಮ್ಮಡಿಯಾಗಿ ಬಿಸಿ ನಾಲ್ಕು ಪಟ್ಟಾಗುತ್ತದೆ, ಪಾಯಿಂಟ್ ಕೂಡ ಬೇಗ ಸುಟ್ಟು ಗುಳಿ ಬೀಳುತ್ತದೆ. ಹಾಗೆ ಮಾಡಲೇಬೇಕಾದ ಅನಿವಾರ್ಯತೆ ಬಂದರೆ ಕಾಯಿಲ್‌ನಷ್ಟೇ ರೋಧವಿರುವ, ಪ್ರವಾಹ ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರನ್ನು ಸರಣಿಯಲ್ಲಿ ಹಾಕಬೇಕು.

ಇನ್ನೊಂದು ವಿಷಯವನ್ನು ಪಾಯಿಂಟ್ ಗಾಡಿಯವರೆಲ್ಲರೂ ಗಮನಿಸಬೇಕು. ಎಂಜಿನ್ ನಿಂತಿರುವಾಗ ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿದ್ದು, ಕೀ ಆನ್ ಆಗಿಯೇ ಉಳಿದರೆ, 3 ಓಮ್ ಕಾಯಿಲ್‌ನಲ್ಲಿ 4 ಆಂಪಿಯರ್ ಎಡೆಬಿಡದೆ ಹರಿದು 48 ವ್ಯಾಟ್ ಶಾಖ ಅದರೊಳಗೇ ಉಳಿಯುತ್ತದೆ. ಅಂಗಡಿಯ ಮುಂದೆ ನಿಲ್ಲಿಸಿ ಕೀ ತೆಗೆಯದೆ ಮಾತಿಗೆ ನಿಂತವರ ಕಾಯಿಲ್‌ಗಳು ಅಕಾಲದಲ್ಲಿ ಸಾಯುವುದು ಹೀಗೆ.

ಕಂಡೆನ್ಸರ್ ವಿಷಯ. ಪಾಯಿಂಟ್ ತೆರೆಯುವಾಗ ಅಲ್ಲಿ ಕಿಡಿ ಹಾರದಂತೆ ತಡೆದು, ಪ್ರವಾಹ ಚುರುಕಾಗಿ ಕಡಿಯುವಂತೆ ಮಾಡುವುದು ಅದರ ಕೆಲಸ. ಅದರ ಧಾರಕತೆ ಸಾಮಾನ್ಯವಾಗಿ 0.2 ಮೈಕ್ರೋಫ್ಯಾರಡ್ ಆಸುಪಾಸಿನಲ್ಲಿರುತ್ತದೆ. ಅದು ಓಪನ್ ಆದರೆ ಪಾಯಿಂಟ್ ತುದಿಗಳಲ್ಲಿ ಜೋರಾದ ನೀಲಿ ಕಿಡಿ ಕಾಣಿಸಿ ಪ್ಲಗ್‌ನ ಕಿಡಿ ಕ್ಷೀಣಿಸುತ್ತದೆ. ಶಾರ್ಟ್ ಆದರೆ ಪಾಯಿಂಟ್ ತೆರೆದರೂ ಪ್ರವಾಹ ಕಡಿಯುವುದೇ ಇಲ್ಲ, ಎಲ್ಲಿಯೂ ಕಿಡಿ ಬರುವುದಿಲ್ಲ. ಹೊಸ ಕಂಡೆನ್ಸರನ್ನು ಹೊರಗಿನಿಂದಲೇ ಪಾಯಿಂಟ್ ವೈರ್‌ಗೂ ಮೈಗೂ ನಡುವೆ ಕಟ್ಟಿ, ಹಳೆಯದರ ವೈರ್ ಬಿಚ್ಚಿ ಓಡಿಸಿ ನೋಡಿದರೆ ಸಂಶಯ ತೀರುತ್ತದೆ. ಎಲ್ಲಕ್ಕಿಂತ ಮೊದಲು ಕೀ ಆನ್ ಮಾಡಿ, ಪಾಯಿಂಟ್ ಮುಚ್ಚಿರುವಾಗ ಬ್ಯಾಟರಿಯ ವೋಲ್ಟೇಜನ್ನೂ ಕಾಯಿಲ್ ಟರ್ಮಿನಲ್‌ನ ವೋಲ್ಟೇಜನ್ನೂ ಹೋಲಿಸಿ. ನಡುವೆ ಅರ್ಧ ವೋಲ್ಟ್‌ಗಿಂತ ಹೆಚ್ಚು ಕಳೆದುಹೋಗುತ್ತಿದ್ದರೆ ದೋಷ ಸ್ವಿಚ್ ಅಥವಾ ಕನೆಕ್ಟರ್‌ಗಳದ್ದು. 6 ವೋಲ್ಟ್ ಗಾಡಿಗೆ ಅರ್ಧ ವೋಲ್ಟ್ ಎಂದರೆ ಸಣ್ಣ ನಷ್ಟವಲ್ಲ.


ಪ್ರಶ್ನೆ ಕೇಳಿದವರ ವರದಿ: ಬನಶಂಕರಿ ಸವಾರ

ಸರ್, ಇಬ್ಬರ ವಿವರಣೆಗೂ ಹೃತ್ಪೂರ್ವಕ ಧನ್ಯವಾದಗಳು. ಹೇಳಿದ ಕ್ರಮದಲ್ಲೇ ಪರೀಕ್ಷಿಸಿ, ಬಂದ ಫಲಿತಾಂಶವನ್ನು ಇತರರಿಗೂ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಮೀಟರ್ ವೈರ್‌ಗಳ ರೋಧ 0.4 ಓಮ್ ಇತ್ತು; ಹಾಗಾಗಿ ಪ್ರೈಮರಿ 0.5 ಓಮ್. ಕ್ಯಾಪ್ ಬೇರ್ಪಡಿಸಿದಾಗ ಕ್ಯಾಪ್ 5.0, ಸೆಕೆಂಡರಿ 6.6 ಕಿಲೋ ಓಮ್. ಆಗ ಕಾಯಿಲ್ ಸುಮಾರು 27 ಡಿಗ್ರಿಯಲ್ಲಿತ್ತು. ಮರದ ಪಟ್ಟಿಯ ಟೆಸ್ಟರ್‌ನಲ್ಲಿ ತಣ್ಣಗಿರುವಾಗ 7 ಮಿಲಿಮೀಟರ್ ಗ್ಯಾಪನ್ನು ಕಿಡಿ ತಪ್ಪದೆ ದಾಟಿತು. ಗಾಡಿ ಗೊರಗುಂಟೆಪಾಳ್ಯದಲ್ಲಿ ನಿಂತಾಗ ಟ್ಯಾಂಕ್ ಮುಚ್ಚಳ ತೆರೆದು ಮುಚ್ಚಿದ್ದರಿಂದ ಬದಲಾವಣೆ ಆಗಲಿಲ್ಲ, ಕೀ ಸ್ವಿಚ್‌ನ ವೈರ್ ಬಿಚ್ಚಿದ್ದರಿಂದಲೂ ಆಗಲಿಲ್ಲ. ಪಲ್ಸರ್ ಮತ್ತು ಸೋರ್ಸ್ ಕಾಯಿಲ್‌ಗಳ ರೋಧ ಬಿಸಿಯಲ್ಲಿ ಸುಮಾರು ಶೇ. 25ರಷ್ಟು ಏರಿತ್ತು, ಅಷ್ಟೇ. ಕಿಡಿ ಮಾತ್ರ 3 ಮಿಲಿಮೀಟರ್ ದಾಟಲೂ ತಡವರಿಸುತ್ತಿತ್ತು. ಸಹೋದ್ಯೋಗಿಯೊಬ್ಬರ ಅದೇ ಮಾದರಿಯ ಬೈಕಿನ ಕಾಯಿಲನ್ನು ವೈರ್ ಮತ್ತು ಕ್ಯಾಪ್ ಸಮೇತ ತಂದು ಜೋಡಿಸಿದೆ. ಎಂಜಿನ್ ಬಿಸಿಯಾಗಿದ್ದಾಗಲೇ ಸ್ಟಾರ್ಟ್ ಆಗಿ ನಿಲ್ಲದೆ ಓಡಿತು.

ಮನೆಯಲ್ಲಿ ಹಳೆಯ ಕಾಯಿಲನ್ನು ಹೇರ್ ಡ್ರೈಯರ್‌ನಿಂದ ಸುಮಾರು 75 ಡಿಗ್ರಿಗೆ ಬಿಸಿ ಮಾಡಿ ಸೆಕೆಂಡರಿ ಅಳೆದರೆ 7.8 ಕಿಲೋ ಓಮ್ ಬಂತು. ಇದು ದೋಷದ ಲಕ್ಷಣವೇ?


ಉತ್ತರ: ನಿವೃತ್ತ ಐಟಿಐ ಬೋಧಕ, ರಾಜಾಜಿನಗರ

ಬಹಳ ಅಚ್ಚುಕಟ್ಟಾದ ಪರೀಕ್ಷೆ. ನೀವು ಕೊನೆಯಲ್ಲಿ ಕೊಟ್ಟ ಅಂಕಿಯೇ ಈ ಇಡೀ ಪ್ರಶ್ನೆಗೆ ಉತ್ತರ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು ಶೇ. 0.39ರಷ್ಟು ಏರುತ್ತದೆ. 27ರಿಂದ 75 ಡಿಗ್ರಿಗೆ 48 ಡಿಗ್ರಿ ವ್ಯತ್ಯಾಸ, 6.6 ಕಿಲೋ ಓಮ್ ಇದ್ದದ್ದು ಲೆಕ್ಕದ ಪ್ರಕಾರ ಸುಮಾರು 7.8 ಆಗಬೇಕು, ಆಗಿದೆ. ಎಂದರೆ ಕಿಡಿ ಕೊಡಲಾರದ ಅದೇ ಬಿಸಿಯಲ್ಲೂ ಓಮ್ ಅಳತೆಯ ಪ್ರಕಾರ ಈ ಕಾಯಿಲ್ ಸಂಪೂರ್ಣ ಆರೋಗ್ಯವಾಗಿದೆ. ಸೋರಿಕೆ ಇರುವುದು ನಿರೋಧಕದಲ್ಲಿ, ತಂತಿಯಲ್ಲಲ್ಲ. ಸರ್ವಿಸ್ ಪುಸ್ತಕಗಳಲ್ಲಿ ರೋಧವನ್ನು 20 ಡಿಗ್ರಿಗೆ ಕೊಟ್ಟಿರುವುದೇ ಸಾಮಾನ್ಯವಾದ್ದರಿಂದ, ಬಿಸಿ ಕಾಯಿಲನ್ನು ಅಳೆದು ಮಿತಿ ಮೀರಿದೆ ಎಂದು ಎಸೆಯುವವರೂ ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಎರವಲು ಕಾಯಿಲ್ ಸಿಗದವರಿಗೆ ಇನ್ನೊಂದು ದಾರಿಯಿದೆ. ಹೋಂಡಾ ಸರ್ವಿಸ್ ಪುಸ್ತಕಗಳು ರೋಧದ ಬದಲು ಪೀಕ್ ವೋಲ್ಟೇಜ್ ಅಳೆಯಲು ಹೇಳುತ್ತವೆ: ಕಿಕ್ ಹೊಡೆದಾಗ ಕಾಯಿಲ್‌ನ ಪ್ರೈಮರಿಗೆ ಕನಿಷ್ಠ 100 ವೋಲ್ಟ್, ಪಲ್ಸರ್‌ನಿಂದ ಕನಿಷ್ಠ 0.7 ವೋಲ್ಟ್. ಆ ಕ್ಷಣಿಕ ಏರಿಕೆಯನ್ನು ಸಾಮಾನ್ಯ ಮಲ್ಟಿಮೀಟರ್ ಹಿಡಿಯಲಾರದು, ಪೀಕ್ ಅಡಾಪ್ಟರ್ ಎಂಬ ಸಣ್ಣ ಉಪಕರಣ ಬೇಕು. ಪ್ರೈಮರಿಗೆ 100 ವೋಲ್ಟ್ ದಾಟಿ ಬರುತ್ತಿದ್ದೂ, ಪ್ಲಗ್ ಮತ್ತು ಕ್ಯಾಪ್ ಸರಿಯಿದ್ದೂ ಕಿಡಿ ಸೋತರೆ ಕಾಯಿಲ್‌ನದೇ ದೋಷ. ಅಷ್ಟು ಬರದಿದ್ದರೆ ಸಿಡಿಐ ಅಥವಾ ಅದಕ್ಕೂ ಹಿಂದಿನ ಭಾಗ.

ಇದರ ಜೊತೆಗೆ ಒಂದು ಸ್ಥಳೀಯ ಸಂಗತಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಗಾಳಿಯ ಒತ್ತಡ ಶೇ. 10ರಷ್ಟು ಕಡಿಮೆ. ಆದ್ದರಿಂದ ತೆರೆದ ಗಾಳಿಯಲ್ಲಿ ಇಲ್ಲಿ 6 ಮಿಲಿಮೀಟರ್ ದಾಟುವುದು ಮಂಗಳೂರಿನಲ್ಲಿ ದಾಟುವುದಕ್ಕಿಂತ ತುಸು ಸುಲಭ. ಇಲ್ಲಿ ಗಡಿಯಂಚಿನಲ್ಲಿ ಪಾಸಾದ ಕಾಯಿಲನ್ನು ನಂಬಿ ಘಟ್ಟ ಇಳಿಯುವವರು ಇದನ್ನು ನೆನಪಿಡಬೇಕು.


ಉತ್ತರ: ಮೈಸೂರು ರಸ್ತೆ ಗ್ಯಾರೇಜ್

ಕಾಯಿಲ್ ಕೊಳ್ಳಲು ಜೆಸಿ ರಸ್ತೆಗೆ ಹೋಗುವಾಗ ಹಳೆಯದನ್ನು ಕೈಯಲ್ಲೇ ತೆಗೆದುಕೊಂಡು ಹೋಗಿ, ಮೀಟರ್ ಕೂಡ ಇರಲಿ. ನೋಡಲು ಒಂದೇ ರೀತಿ ಇರುವ ಕಾಯಿಲ್‌ಗಳಲ್ಲಿ ಕೆಲವು ಸಿಡಿಐಗೆ, ಕೆಲವು ಪಾಯಿಂಟ್ ಅಥವಾ ಟ್ರಾನ್ಸಿಸ್ಟರ್ ಇಗ್ನಿಷನ್‌ಗೆ ಮಾಡಿದವು. 3 ಓಮ್ ಪ್ರೈಮರಿಯ ಕಾಯಿಲನ್ನು ನಿಮ್ಮ ಗಾಡಿಗೆ ಹಾಕಿದರೆ ಕಿಡಿ ದುರ್ಬಲವಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ಅರ್ಧ ಓಮ್‌ನ ಸಿಡಿಐ ಕಾಯಿಲನ್ನು 12 ವೋಲ್ಟ್ ಪಾಯಿಂಟ್ ಗಾಡಿಗೆ ಹಾಕುವುದು. 24 ಆಂಪಿಯರ್‌ವರೆಗೆ ಹರಿಯಲು ದಾರಿಯಾಗಿ ಪಾಯಿಂಟ್ ಬೆಸೆದುಕೊಳ್ಳುತ್ತದೆ, ಟ್ರಾನ್ಸಿಸ್ಟರ್ ಇದ್ದರೆ ಸುಟ್ಟುಹೋಗುತ್ತದೆ. ಅಂಗಡಿಯಲ್ಲೇ ಪ್ರೈಮರಿ ಅಳೆದು, ನಿಮ್ಮ ಅರ್ಧ ಓಮ್‌ಗೆ ಹತ್ತಿರ ಇರುವುದನ್ನೇ ಆರಿಸಿ.

ಹೆಚ್ಚು ವೋಲ್ಟೇಜ್ ಕೊಡುತ್ತದೆ, ಪಿಕಪ್ ಹೆಚ್ಚಿಸುತ್ತದೆ ಎಂದು ಮಾರುವ ಬಣ್ಣಬಣ್ಣದ ಕಾಯಿಲ್‌ಗಳಿಗೆ ಹಣ ಹಾಕಬೇಡಿ. ಗ್ಯಾಪ್ ದಾಟಲು ಎಷ್ಟು ಬೇಕೋ ಅಷ್ಟಕ್ಕೆ ಏರಿದ ಕೂಡಲೇ ಕಿಡಿ ಹಾರಿ ವೋಲ್ಟೇಜ್ ಅಲ್ಲೇ ಕುಸಿಯುತ್ತದೆ. 10,000 ವೋಲ್ಟ್‌ಗೆ ಹಾರುವ ಪ್ಲಗ್ ಮುಂದೆ 40,000 ವೋಲ್ಟ್ ಎಂದು ಬರೆದ ಕಾಯಿಲ್ ಕೂಡ 10,000ಕ್ಕೇ ನಿಲ್ಲುತ್ತದೆ. ಸರಿಯಾಗಿರುವ ಎಂಜಿನ್‌ಗೆ ಅದರಿಂದ ಶಕ್ತಿ ಹೆಚ್ಚುವುದಿಲ್ಲ.

ಜೋಡಿಸುವಾಗ ಎರಡು ಕೆಲಸ ಮರೆಯಬೇಡಿ. ನಿಮ್ಮ ಕಾಯಿಲ್‌ನ ಕಬ್ಬಿಣದ ಮೈಯೇ ಅದರ ಅರ್ಥ್. ಚಾಸಿಯ ಮೇಲೆ ಅದು ಕೂರುವ ಜಾಗದ ಬಣ್ಣವನ್ನೂ ತುಕ್ಕನ್ನೂ ಎಮರಿ ಕಾಗದದಿಂದ ಹೊಳೆಯುವಂತೆ ಉಜ್ಜಿ ಬೋಲ್ಟ್ ಬಿಗಿಯಿರಿ, ನಂತರ ಮೈಗೂ ಎಂಜಿನ್‌ಗೂ ನಡುವೆ ರೋಧ ಅಳೆಯಿರಿ. ಮೀಟರ್ ವೈರ್‌ನ 0.4ಕ್ಕಿಂತ ಹೆಚ್ಚೇನೂ ಬರಬಾರದು. ಹೆಚ್‌ಟಿ ವೈರ್‌ನ ತುದಿಯಲ್ಲಿ ತಾಮ್ರ ಹಸಿರು ಕಟ್ಟಿದ್ದರೆ ಅರ್ಧ ಸೆಂಟಿಮೀಟರ್ ಕತ್ತರಿಸಿ, ಕ್ಯಾಪ್‌ನ ಸ್ಕ್ರೂ ತಂತಿಯ ನಟ್ಟನಡುವೆ ಇಳಿಯುವಂತೆ ತಿರುಗಿಸಿ ಕೂರಿಸಿ, ರಬ್ಬರ್ ಹರಿದಿದ್ದರೆ ಬದಲಿಸಿ. ರಾತ್ರಿ ಕತ್ತಲೆಯಲ್ಲಿ ಎಂಜಿನ್ ಓಡಿಸುತ್ತಾ ವೈರ್ ಮತ್ತು ಕ್ಯಾಪ್ ಮೇಲೆ ಸ್ಪ್ರೇ ಬಾಟಲಿಯಿಂದ ಸ್ವಲ್ಪ ನೀರು ಚಿಮುಕಿಸಿ, ಕೈ ತಾಗಿಸದೆ ನೋಡಿ. ಎಲ್ಲಾದರೂ ಸಣ್ಣ ನೀಲಿ ಗೆರೆಗಳು ಕಂಡರೆ ಅಲ್ಲಿ ಸೋರುತ್ತಿದೆ ಎಂದರ್ಥ. ಮಳೆಗಾಲಕ್ಕೆ ಮುಂಚೆ ಆ ಭಾಗವನ್ನು ಬದಲಿಸಿಕೊಳ್ಳಿ.